ಮಾಗಬೇಕಾದ ಕೈ

ತನ್ನ ದೇಹದೊಳಗೆ ಏನು ನಡೆಯುತ್ತಿದೆಯೆಂದು ತಿಳಿಯದಿರುವುದೇ ಮನುಷ್ಯನ ನೆಮ್ಮದಿಗೆ ಮೂಲ. ಅರಕಲಗೂಡಿನ ನನ್ನ ಸೋದರಮಾವನಿಗೆ ಮಾತ್ರ ಎಲ್ಲವೂ ತಿಳಿದಿದೆ. ಆದ್ದರಿಂದ ನೆಮ್ಮದಿ ಕೆಟ್ಟಿರುವುದು ನಮ್ಮದು!

ಮಾವನ ಮೂತ್ರಪಿಂಡಗಳು ರಾಜೀನಾಮೆ ಕೊಟ್ಟಿದ್ದವು. ಕುತ್ತಿಗೆಗೆ ಹಾಕಿದ ನಳಿಗೆಯಿಂದ ಡಯಾಲಿಸಿಸ್ ನಡೆಯುತ್ತಿತ್ತು. ಆ ಜಾಗ ಕೀವಾಗಿ, ಜ್ವರ ಏರಿ, ಒಮ್ಮೆ ಜೀವವೇ ಹೋಗಿ ಬಂದಂತಾಗಿತ್ತು. ನಳಿಗೆ ತೆಗೆಯಬೇಕಾದರೆ ಕೈಯಲ್ಲಿ ಹೊಸ ದಾರಿ ಆಗಲೇಬೇಕು. ಹಾಸನದ ಸರ್ಜನ್, "ಎಡಗೈಗೆ ಫಿಸ್ಟುಲಾ ಮಾಡೋಣ" ಎಂದರು.

ಮಾವ ಕುರ್ಚಿಯ ಅಂಚಿಗೆ ಸರಿದ. "ಸಾ, ಅದು ಕೂರೋ ಜಾಗದ ಕಾಯ್ಲೆ ಅಲ್ವಾ? ಮೂಲವ್ಯಾಧಿ, ಫಿಸ್ಟುಲಾ ಅಂತ ಗ್ವಾಡೆ ಗ್ವಾಡೆ ಮ್ಯಾಲೂ ಬರ್ದವ್ರೆ. ಇಲ್ದೇ ಇರೋದ್ನ ಕೈಗೆ ತರಿಸ್ತೀರಾ?"

"ಹೆಸರೊಂದೇ ಯಜಮಾನ್ರೇ. ಇಲ್ಲಿ ಹೃದಯದಿಂದ ರಕ್ತ ತರೋ ನಾಳಕ್ಕೆ, ವಾಪಸ್ ಒಯ್ಯೋ ನಾಳ ಸೇರಿಸಿ ಹೊಲೀತೀವಿ."

"ಮದ್ವೆ ಅನ್ನಿ. ಜಾತ್ಕ ನೋಡಿದ್ರಾ?"

"ಸ್ಕ್ಯಾನ್ ಮಾಡಿ ಎರಡರ ಅಗಲ ನೋಡಿದೀವಿ."

"ಅದೇ ಜಾತ್ಕ. ನಡೀಲಿ."

ಮಣಿಕಟ್ಟಿನಲ್ಲಾದ ಆ ಮದುವೆ ಬೇಗನೆ ಮುರಿಯಿತು. ರಕ್ತ ಹೆಪ್ಪುಗಟ್ಟಿ ಹರಿವು ನಿಂತಿತು. ಎರಡನೆಯದನ್ನು ಮೊಣಕೈ ಮಡಿಕೆಯಲ್ಲಿ ನೆರವೇರಿಸಿದರು. ಊರಿಗೆ ತಲುಪಿದ್ದು ಮಾತ್ರ 'ಫಿಸ್ಟುಲಾ' ಎಂಬ ಒಂದೇ ಪದ! ನೋಡಲು ಬಂದವರು ಕೈಯತ್ತ ನೋಡಬೇಕಲ್ಲ? ಹೊಳೆನರಸೀಪುರದ ಬೀಗರಂತೂ ಮೆತ್ತನೆಯ ದಿಂಬು ತಂದು, "ಕೂರಕ್ಕಾಯ್ತದಾ ಗೌಡ್ರೇ?" ಎಂದು ಪಿಸುಗುಟ್ಟಿದರು. ಮಾವ ಅದನ್ನು ಸನ್ಮಾನದಂತೆ ಸ್ವೀಕರಿಸಿ ಕೈ ಅದರ ಮೇಲಿಟ್ಟ.

ಆದರೆ ಘೋರ ಪ್ರಮಾದವಾದದ್ದು ಸರ್ಜನ್ನರ ಮಾತಿನಿಂದಲೇ. "ನಾಳ ಮಾಗ್ಬೇಕು. ಮಾಗಿ ದಪ್ಪ ಆದ್ಮೇಲೇ ಸೂಜಿ" ಎಂದಿದ್ದರು. ಹೇಳಿದ್ದು ಯಾರಿಗೆ? ಮಾವಿನತೋಪಿನ ಒಡೆಯನಿಗೆ! ಒಂದು ಭಾನುವಾರ ಹೋಗಿ ನೋಡುತ್ತೇನೆ: ಕಾಯಿ ಹಣ್ಣಿಗೆ ಹಾಕುವ ಕೋಣೆಯಲ್ಲಿ, ಮಾವಿನಕಾಯಿಗಳ ನಡುವೆ, ಭತ್ತದ ಹುಲ್ಲಿನೊಳಗೆ ಎಡಗೈ ಹೂತು ಮಾವ ಮಲಗಿದ್ದಾನೆ!

"ಮಾವ, ಇದೇನಿದು?"

"ಮಾಗ್ಬೇಕಂದ್ರಲ್ಲೋ ಅಳಿಯ! ಕಾವು ಬ್ಯಾಡ್ವಾ?"

ಅತ್ತೆ ಹಣೆ ಚಚ್ಚಿಕೊಂಡರು. "ಬೆಳಗಿಂದ ಕೈ ಮೂಸ್ಕಂಡು ಮೂಸ್ಕಂಡು ಕುಂತವ್ರೆ ಕಣಪ್ಪ!"

"ಇನ್ನೂ ದೋರಗಾಯಿ ಕಣೇ," ಎಂದ ಮಾವ, ಗಂಭೀರವಾಗಿ.

ಫೋನ್ ಮಾಡಿದರೆ ಸರ್ಜನ್, ಹುಲ್ಲು ಬೇಡ, ರಬ್ಬರ್ ಚೆಂಡು ಹಿಸುಕಲಿ ಎಂದರು. ಮಾವನಿಗೆ ಅಸಹ್ಯವಾಯಿತು. "ಇಸುಕಿ ಅಣ್ಣು ಮಾಡದಾ? ಅದು ಗಿರಾಕಿಗಳ ಬುದ್ಧಿ ಕಣ್ಲಾ!" ಆದರೂ ಹಿಸುಕಿದ.

ಮೊದಲ ಸೂಜಿಯ ದಿನ ಮಾವ ಅತ್ತೆಯನ್ನು ಹೊರಗೆ ಕೂರಿಸಿ ನನ್ನನ್ನು ಮಾತ್ರ ಡಯಾಲಿಸಿಸ್ ಕೋಣೆಯೊಳಗೆ ಕರೆದ. ಬಲಗೈಯಿಂದ ನನ್ನ ಅಂಗಿ ಹಿಡಿದುಕೊಂಡ.

"ಇದೂ ನಿಂತೋದ್ರೆ ನಿಮ್ಮತ್ತೆಗೆ ನೀನೇ ಯೋಳು ಕಣ್ಲಾ. ನನ್ನ ಕೈಲಾಗಕ್ಕಿಲ್ಲ. ರಕ್ತ ಹರೀತಿದ್ರೆ ಕೈಯೊಳ್ಗೆ ಗುರ್ ಅಂತದಲ್ಲ... ದಿನಾ ಅದ್ರ ಮ್ಯಾಲೆ ಕಿವಿ ಮಡಿಕ್ಕಂಡೇ ಮಲಗದು ಅವ್ಳು."

ನರ್ಸ್ ಎರಡು ಸೂಜಿ ಹಾಕಿದರು. ರಕ್ತ ಯಂತ್ರಕ್ಕೆ ಹೋಗಿ ಯಂತ್ರದಿಂದ ವಾಪಸ್ ಬಂತು. ಕೆಲವು ವಾರ ಬಿಟ್ಟು ಕುತ್ತಿಗೆಯ ನಳಿಗೆ ತೆಗೆದರು.