ಮೊರೊಂಕೆ ಮನೆಯ ಬಟ್ಟೆ

ಬಟ್ಟೆ ತಂದವನು ಕಲ್ಲಯ್ಯ. ಅದು ಎಂಥ ಬಟ್ಟೆ ಎಂದು ಹೆಂಡತಿಗೆ ಹೇಳದೆ ಬೀರುವಿನಲ್ಲಿ ಇಟ್ಟವನೂ ಅವನೇ. ಹೀಗಾಗಿ ಆ ಶನಿವಾರದ ಫಜೀತಿಗೆ ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ. ಆದರೂ ಬೈದ ಅನ್ನಿ.

ಲಂಡನ್ನಿನ ಎಜ್‌ವೇರಿನಲ್ಲಿ ಅವನ ಪಕ್ಕದ ಮನೆಯವಳು ನೈಜೀರಿಯಾದ ನರ್ಸ್ ಮೊರೊಂಕೆ. ಬೀದಿಯವರೆಲ್ಲ ಬೂದು ಕೋಟು ತೊಟ್ಟು ತಲೆ ತಗ್ಗಿಸಿ ನಡೆದರೆ, ಅವಳು ಗೋಪುರದಂಥ ರುಮಾಲು ಸುತ್ತಿಕೊಂಡು, ತಾನು ಯೊರುಬಾ ಜನಾಂಗದವಳೆಂದು ಪೋಸ್ಟ್‌ಮನ್ನನಿಗೂ ಹೆಮ್ಮೆಯಿಂದ ಹೇಳುವವಳು. ತಾಯಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಕರೆಯಲು ಬಂದವಳು ಕಿತ್ತಳೆ-ನೀಲಿ ಬಟ್ಟೆಯೊಂದನ್ನು ಕೈಗಿಟ್ಟಿದ್ದಳು.

"ಬ್ರದರ್, ಇದು ಆಸೊ ಎಬಿ. ಮನೆಯವರೆಲ್ಲ ಒಂದೇ ಬಟ್ಟೆ ತೊಡೋದು ನಮ್ಮ ಪದ್ಧತಿ. ತೊಟ್ಟವರೆಲ್ಲ ನಮ್ಮವರು. ಅಮ್ಮ ನಿಮ್ಮ ತಲೆ ಮೇಲೂ ಕೈಯಿಟ್ಟು ಹರಸ್ತಾರೆ."

ಕಲ್ಲಯ್ಯ ಬಟ್ಟೆಯನ್ನು ಎದೆಗೊತ್ತಿಕೊಂಡ. ಧಾರವಾಡದಲ್ಲಿ ಅವ್ವ ದೀಪಾವಳಿಗೆ ಒಂದೇ ಥಾನಿನ ಬಟ್ಟೆಯಿಂದ ಮಕ್ಕಳಿಗೆಲ್ಲ ಅಂಗಿ ಹೊಲಿಸುತ್ತಿದ್ದಳು. ಅವ್ವ ಹೋದ ಮೇಲೆ, ಹೇರ್‌ಕಟ್ ಮಾಡುವವನನ್ನು ಬಿಟ್ಟರೆ, ಅವನ ತಲೆ ಮೇಲೆ ಯಾರೂ ಕೈಯಿಟ್ಟಿರಲಿಲ್ಲ.

ಹುಟ್ಟುಹಬ್ಬದ ಶನಿವಾರ ಬೆಳಿಗ್ಗೆ, ಹೆಗಲಿಗೆ ಹೊದ್ದು ಹೋಗೋಣವೆಂದು ಬೀರು ತೆಗೆದರೆ ಬಟ್ಟೆ ಇಲ್ಲ.

"ಅದೇನ್ರಿ? ಹ್ವಾದ ತಿಂಗಳ ಕೆಂಟನ್ನಿನ ಉಷಾ ಬಂದಿದ್ಲು, ಉಡಿ ತುಂಬಿ ಕೊಟ್ಟೆ," ಎಂದಳು ನೀಲವ್ವ. "ಮನಿಗೆ ಬಂದ ಮುತ್ತೈದೀನ ಬರಿಗೈಲೆ ಕಳಸ್ಲೇನು?"

"ಅಯ್ಯ ನಿನ್ನ! ಅದು ಉಡೀ ಅರಿವಿ ಅಲ್ಲ!"

"ಹೇಳಿದ್ರ ತಾನ ಗೊತ್ತಾಗೋದು! ಅರಿವಿ ಹಣಿ ಮ್ಯಾಲೆ ಬರದಿರ್ತದೇನು?"

ಕಲ್ಲಯ್ಯ ಕೆಂಟನ್ನಿಗೆ ಓಡಿದ. ಉಷಾ ಕಾಫಿ ಕೊಟ್ಟು ನಕ್ಕಳು. "ಗಿಫ್ಟ್ ಬಂದ ಬಟ್ಟೆ ಯಾರಾದ್ರೂ ಇಟ್ಕೋತಾರಾ ಸರ್? ಅರಿಶಿನ ಕುಂಕುಮಕ್ಕೆ ಬಂದಿದ್ದ ಅಮೂಲ್ಯಾಗೆ ಕೊಟ್ಬಿಟ್ಟೆ. ಈಸ್ಟ್ ಹ್ಯಾಮಲ್ಲಿ ಇರ್ತಾಳೆ."

ಲಂಡನ್ನಿನ ಆ ತುದಿಗೆ ಟ್ಯೂಬ್ ಹಿಡಿದು ಹೋದರೆ ಬಾಗಿಲು ತೆರೆದದ್ದು ಅಮೂಲ್ಯಾಳ ಅತ್ತೆ. "ಅಯ್ಯೋ, ನಮ್ಮ ಸೊಸೆ ಕೈಲಿ ಯಾವ ಬಟ್ಟೆ ಉಳಿಯುತ್ತಪ್ಪಾ? ಚೂಡಿದಾರ ಹೊಲಿಸಿ ಹಾಕ್ಕೊಂಡು, ಈಗ ತಾನೇ ಯಾವ್ದೋ ಫಂಕ್ಷನ್ನಿಗೆ ಹೋದ್ಳು."

ಕಲ್ಲಯ್ಯನಿಗೆ ಅಳುವೇ ಬಂತು. ಕೊನೆಗೆ ಇದ್ದ ಬಿಳಿ ಅಂಗಿಯಲ್ಲೇ ಬೆವರುತ್ತ ಪಾರ್ಟಿಯ ಹಾಲ್ ಸೇರಿದ.

ಬಾಗಿಲಲ್ಲಿದ್ದ ಹುಡುಗಿ ಅವನ ಮುಖ ನೋಡಲಿಲ್ಲ, ಅಂಗಿ ನೋಡಿದಳು. ಮೊರೊಂಕೆಯ ಆಸ್ಪತ್ರೆಯ ಪಾರ್ಕಿಂಗ್ ನೋಡಿಕೊಳ್ಳುವವರ ಜೊತೆ ಕಟ್ಟಕಡೆಯ ಟೇಬಲ್ಲಿಗೆ ಕಳಿಸಿದಳು. ಮುಂದಿನ ಸಾಲಿನಲ್ಲಿ ಮನೆಯವರೆಲ್ಲ ಕಿತ್ತಳೆ-ನೀಲಿಯಲ್ಲಿ ಝಗಝಗ ಹೊಳೆಯುತ್ತಿದ್ದರು. ಅವರ ನಡುವೆ, ಹಣೆಗೆ ಕುಂಕುಮ ಇಟ್ಟುಕೊಂಡು, ಅದೇ ಬಟ್ಟೆಯ ಚೂಡಿದಾರ ತೊಟ್ಟ ಒಬ್ಬಳು! ಅವಳು ತಮ್ಮ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಅಮೂಲ್ಯಾ ಎಂದು ಪಾರ್ಕಿಂಗಿನವನೊಬ್ಬ ಹೇಳಿದ. ಬಟ್ಟೆ ಕಂಡದ್ದೇ ತಡ, ಬಾಗಿಲಿನವಳು ಅವಳನ್ನು ಮುಂದೆ ಕೂರಿಸಿದ್ದಳು. ಮುದುಕಿ ಒಬ್ಬೊಬ್ಬರ ತಲೆ ಮೇಲೆ ಕೈಯಿಟ್ಟು "ನನ್ನ ಮಗು" ಎನ್ನುತ್ತ ಬಂದು ಅವಳನ್ನೂ ಹರಸಿದಳು. ಕಲ್ಲಯ್ಯ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದ.

ಅಷ್ಟರಲ್ಲಿ ಮೊರೊಂಕೆ ಎದುರಿಗೇ ಬಂದಳು. "ಬ್ರದರ್! ನಿಮ್ಮ ಬಟ್ಟೆ ಎಲ್ಲಿ?"

ಉಡಿಯಲ್ಲಿ ಹೋಯಿತು ಅಂತ ಹೇಳುವುದು ಹೇಗೆ? ಬಾಯಿಗೆ ಬಂದದ್ದನ್ನು ಅಂದುಬಿಟ್ಟ. "ಅಕಿ ಅಮೂಲ್ಯಾ ನನ್ನ ತಂಗಿ ಇದ್ದಂಗ. ಅಕಿಗೇ ಕೊಟ್ಟೆ."

ಮೊರೊಂಕೆಯ ಕಣ್ಣು ತುಂಬಿತು. ಸರಸರನೆ ಹೋಗಿ ಮೈಕ್ ಹಿಡಿದಳು. "ಕೇಳಿ! ಅಲ್ಲಿ ಕೊನೆಯಲ್ಲಿ ಕೂತಿದ್ದಾರಲ್ಲ, ಅವರು ನಮ್ಮ ಮನೆಯಲ್ಲಿ ತಮಗಿದ್ದ ಜಾಗವನ್ನ ತಂಗಿಗೆ ಬಿಟ್ಟುಕೊಟ್ಟಿದ್ದಾರೆ. ನಮ್ಮ ನೈಜೀರಿಯಾದ ಅಣ್ಣಂದಿರು ಮಾಡೋದೂ ಇದನ್ನೇ! ಈ ತ್ಯಾಗವನ್ನ ನಾವು ಗೌರವಿಸೋಣ. ದಯವಿಟ್ಟು ಯಾರೂ ಅವರನ್ನ ಮುಂದೆ ಕರೀಬೇಡಿ!"

ಹಾಲ್‌ಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ಅಮೂಲ್ಯಾ ಹಿಂದೆ ತಿರುಗಿ, ಜೀವಮಾನದಲ್ಲಿ ಕಂಡಿರದ ಅಣ್ಣನನ್ನು ಪಿಳಿಪಿಳಿ ನೋಡಿದಳು. ಕಲ್ಲಯ್ಯ ಎದ್ದು ಎಲ್ಲರಿಗೂ ಕೈಮುಗಿದು ಕೂತ. ಮುದುಕಿ ಹರಸುವುದನ್ನು ಮುಗಿಸಿ ಕೇಕಿನ ಕಡೆ ಹೊರಟಳು.

ಕಲ್ಲಯ್ಯ ತಲೆ ಮೇಲೆ ಕೈ ಹೊತ್ತುಕೊಂಡ. ಆವತ್ತು ಅವನ ತಲೆ ಮೇಲೆ ಬಿದ್ದದ್ದು ಅದೊಂದೇ ಕೈ.