ಕಪ್ಪು ದನಕ್ಕೊಂದು ಎಮೋಜಿ

ಪೂವಮ್ಮ: ಕಪ್ಪು ದನ ಕಾಣೆಯಾದ್ರೆ ಬಿಳಿ ದನದ ಚಿತ್ರ ಹಾಕುದಾ ನೀವು?

ಜತ್ತಪ್ಪ: ಎಮೋಜಿಯಲ್ಲಿ ಕಪ್ಪು ದನವೇ ಇಲ್ಲ ಮಾರಾಯ್ತಿ. ಇರುದು ಇದೊಂದೇ, ಬಿಳಿ ಮೈ, ಕಪ್ಪು ಮಚ್ಚೆ.

ಪೂವಮ್ಮ ಕೈಯಾರೆ ಸಾಕಿದ ಕಾಳಿ ಬೆಳಿಗ್ಗೆ ಹಗ್ಗ ಬಿಚ್ಚಿಕೊಂಡು ಹೋದದ್ದು ಸಂಜೆಯಾದರೂ ಬಂದಿರಲಿಲ್ಲ. ಹಟ್ಟಿಯಲ್ಲಿ ಕರು ಒಂದೇ ಸಮನೆ ಕೂಗುತ್ತಿತ್ತು. ಆ ಕೂಗು ಕೇಳಿದಾಗಲೆಲ್ಲ ಪೂವಮ್ಮ ಅಂಗಳದ ಅಂಚಿಗೆ ಹೋಗಿ ದಾರಿ ನೋಡುತ್ತಿದ್ದಳು. ಗಂಡ ಜತ್ತಪ್ಪ ಮಾತ್ರ ಆಲೆಟ್ಟಿ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ದನ, ಒಂದು ಅಳುಮುಖ, ಒಂದು ಕೈಮುಗಿದದ್ದು ಹಾಕಿ ನಿರಾಳನಾಗಿದ್ದ.

ಪೂವಮ್ಮ: ಎಮ್ಮೆಯದ್ದಾದ್ರೂ ಹಾಕಬಹುದಿತ್ತಲ್ಲ?

ಜತ್ತಪ್ಪ: ಎಮ್ಮೆ ಹಾಕಿದ್ರೆ ಎಮ್ಮೆಯನ್ನೇ ತರ್ತಾರೆ!

ಪೂವಮ್ಮ: ಫೋಟೋ?

ಜತ್ತಪ್ಪ: ಫೋಟೋ ತೆಗೀಲಿಕ್ಕೆ ದನ ಬೇಡ್ವಾ?

ಪೂವಮ್ಮ: 'ಕಪ್ಪು' ಅಂತ ಬರೀಲಿಕ್ಕೆ ಎಂತ ದಾಡಿ?

ಜತ್ತಪ್ಪ: ಗುಡ್ಡೆಯಲ್ಲಿದ್ದೆ. ಕನ್ನಡಕ ಮನೆಯಲ್ಲಿತ್ತು.

ಪೂವಮ್ಮ: ಕನ್ನಡಕ ಇಲ್ದೆ ದನ ಹುಡುಕ್ಲಿಕ್ಕೆ ಹೋದ್ರಾ!

ಅಷ್ಟರಲ್ಲಿ, ಊರಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಕೃಷ್ಣಮೋಹನ ಒಂದು ಮಚ್ಚೆ ದನವನ್ನು ದರದರ ಎಳೆಯುತ್ತ ಅಂಗಳಕ್ಕೆ ಬಂದ.

ಕೃಷ್ಣಮೋಹನ: ಸಿಕ್ಕಿತು ಜತ್ತಪ್ಪಣ್ಣ! ಮೊಬೈಲ್ ಹಿಡಿದು ಮಚ್ಚೆ ಮಚ್ಚೆ ತಾಳೆ ನೋಡಿಯೇ ತಂದದ್ದು.

ಅವನ ಹಿಂದೆಯೇ ಆಚೆಮನೆಯ ಜೈನಬಮ್ಮ ಏದುಸಿರು ಬಿಡುತ್ತ ಓಡಿಬಂದಳು.

ಜೈನಬಮ್ಮ: ಮೇಯ್ತಾ ಇದ್ದ ನನ್ನ ದನವನ್ನು ಎಲ್ಲಿಗೆ ಮಾರಾಯ್ರೆ ಕೊಂಡುಹೋಗುದು?

ಕೃಷ್ಣಮೋಹನನ ಕೈಯಿಂದ ಹಗ್ಗ ಜಾರಿತು. ಪೂವಮ್ಮ ಸೋತ ಸ್ವರದಲ್ಲಿ ಹೇಳಿದಳು.

ಪೂವಮ್ಮ: ಇದು ನಿಮ್ಮದು. ನನ್ನ ಕಾಳಿ ಎಲ್ಲುಂಟೋ ಏನೋ ಜೈನಬಮ್ಮ, ಮೈಯೆಲ್ಲ ಕಪ್ಪು...

ಜೈನಬಮ್ಮ: ಕಪ್ಪಾ? ಅದು ಬೆಳಿಗ್ಗೆಯಿಂದ ನಮ್ಮ ಹಟ್ಟಿಯಲ್ಲೇ ಉಂಟಲ್ಲ! ನಿಮ್ಮದೇ ಅಂತ ಹೇಳ್ಲಿಕ್ಕೆ ಹೊರಟಿದ್ದೆ. ಆಗ ಮೆಸೇಜ್ ಬಂತು, ನೋಡಿದ್ರೆ ಬಿಳಿ ದನ. ಹಾಗಾದ್ರೆ ಇದು ಬೇರೆಯವರದ್ದು ಅಂತ ಸುಮ್ಮನಾದೆ. ನಿಮ್ಮ ಬಿಳಿ ದನ ಹುಡುಕ್ಲಿಕ್ಕೆ ನನ್ನ ಮಗ ಶಾಫಿ ಇನ್ನೂ ಗುಡ್ಡೆಯಲ್ಲಿ ತಿರುಗ್ತಾ ಇದ್ದಾನೆ, ಪಾಪ!

ಕಾಳಿ ಮನೆಗೆ ಬಂತು. ಕರು ಹಾರಿ ಹೋಗಿ ಕೆಚ್ಚಲಿಗೆ ಬಾಯಿಟ್ಟಿತು. ಪೂವಮ್ಮ ಕಾಳಿಯ ಕುತ್ತಿಗೆ ತಬ್ಬಿ ಎರಡು ಬೈದು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಜತ್ತಪ್ಪ ಈಗ ಕನ್ನಡಕ ಏರಿಸಿ ದನ ಸಿಕ್ಕಿತೆಂದು ಗ್ರೂಪಿಗೆ ಹೆಬ್ಬೆಟ್ಟಿನ ಎಮೋಜಿ ಕಳಿಸುತ್ತಿದ್ದ.

ಜತ್ತಪ್ಪ: ಅನ್ಯಾಯ ನೋಡು ಪೂವಮ್ಮ! ಹೆಬ್ಬೆಟ್ಟಿಗೆ ಇಷ್ಟು ಬಣ್ಣ ಕೊಟ್ಟವರು ದನಕ್ಕೆ ಒಂದು ಕಪ್ಪು ಕೊಡ್ಬಾರ್ದಿತ್ತಾ?

ಪೂವಮ್ಮ ಮೊಬೈಲಿಗೆ ಇಣುಕಿದಳು. ಆಮೇಲೆ ಕೆಂಡದಲ್ಲಿ ಸುಟ್ಟ ಗೆಣಸಿನಂಥ ಗಂಡನ ಹೆಬ್ಬೆಟ್ಟನ್ನು ನೋಡಿದಳು.

ಪೂವಮ್ಮ: ಆ ಹಾಲಿನಂಥ ಬಿಳಿ ಹೆಬ್ಬೆಟ್ಟು ಮೊದಲು ಅಳಿಸಿ ಮಾರಾಯ್ರೆ. ನಾಳೆ ನೀವು ಕಾಣೆಯಾದ್ರೆ, ಇವರು ಯಾರನ್ನು ಎಳ್ಕೊಂಡು ಬರ್ತಾರೋ!