ಇಳಿಯಲು ಒಂದು ಕಲ್ಲು

ವಯಸ್ಸಾದಂತೆ ಆಸೆಗಳು ತಾವಾಗಿಯೇ ಬಿಟ್ಟುಹೋಗುತ್ತವೆ ಎನ್ನುತ್ತಾರೆ. ನನ್ನದೊಂದು ಹೋಗಲಿಲ್ಲ. ಚಿನ್ನದ ಆಸೆಯಲ್ಲ, ದಾವಣಗೆರೆಯಿಂದ ಹರಿಹರದವರೆಗೆ ಸೈಕಲ್ ತುಳಿದು, ಸೇತುವೆಯ ಕಟ್ಟೆಗೆ ಒಂದು ಕಾಲು ಕೊಟ್ಟು ನಿಂತು, ಹೊಳೆ ನೋಡಬೇಕೆಂಬ ಆಸೆ. ಸಿಲ್ಲಿ ಅನ್ನಿಸಬಹುದು. ಆದರೆ ನಾನು ಸೈಕಲ್ ಕಲಿತದ್ದು ಕಾನ್ವೆಂಟಿನ ಕಾಂಪೌಂಡಿನೊಳಗೆ, ಸಿಸ್ಟರುಗಳ ಕಣ್ಣಳತೆಯಲ್ಲಿ, ಒಂದು ಪೇರಲ ಮರದ ಸುತ್ತ. ಸುತ್ತುವುದು ಪರ್ಫೆಕ್ಟಾಗಿ ಬರುತ್ತಿತ್ತು. ಎಲ್ಲಿಗಾದರೂ ಹೋಗುವುದು ಮಾತ್ರ ಬಾಕಿ ಇತ್ತು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನನಗೆ ಮದುವೆ ಗೊತ್ತಾಗಿತ್ತು. ಆ ಮನೆಯಲ್ಲಿ ಸೊಸೆ ಸೈಕಲ್ ತುಳಿಯುವುದು ಔಟ್ ಆಫ್ ದಿ ಕ್ವೆಶ್ಚನ್. ಹೋಗುವುದಾದರೆ ಆ ರಜೆಯಲ್ಲೇ ಹೋಗಬೇಕು. ಮಂಡಿಪೇಟೆಯ ಬಾಡಿಗೆ ಸೈಕಲ್ ಅಂಗಡಿಗೆ ದಿನಾ ಹೋಗುತ್ತಿದ್ದೆ. "ಲೇಡೀಸ್ ಸೈಕಲ್ ಒಂದೇ ಐತ್ರಿ ಅಕ್ಕಾರೆ. ನಿಮ್ಮ ಮಾವಾರು ಆಗ್ಲೇ ಒಯ್ದ್ರಲ್ರಿ!" ಎನ್ನುತ್ತಿದ್ದರು ಅಂಗಡಿಯ ಹುಸೇನ್ ಸಾಬರು.

ಮಾವ ಎಂದರೆ ಅಮ್ಮನ ಅಣ್ಣ, ಹತ್ತಿ ವ್ಯಾಪಾರಿ ಬಸಪ್ಪ ಮಾವ. ಕಾಲು ಗಿಡ್ಡ, ಹೊಟ್ಟೆ ದೊಡ್ಡದು. ಗಂಡಸರ ಸೈಕಲ್ಲಿನ ಅಡ್ಡ ಬಾರು ದಾಟಿ ಅವರ ಕಾಲು ಆಚೆ ಹೋಗುತ್ತಿರಲಿಲ್ಲ.

"ಲೇಡೀಸ್ ಸೈಕಲ್ ನಿಮಗೆ ಡಿಗ್ನಿಫೈಡ್ ಅಲ್ಲ ಮಾವ. ಅಂಗಡಿ ಕಟ್ಟೆ ಮೇಲಿಂದ ಆ ದೊಡ್ಡ ಸೈಕಲ್ ಹತ್ತಿ."

"ಹತ್ತಿದೆ ಅಂತಿಟ್ಕೋ. ಇಳಿಯೋದು ಹೆಂಗವ್ವಾ?"

"ನಿಮ್ಮ ಹತ್ತಿ ಮಂಡಿ ಮುಂದೂ ಕಟ್ಟೆ ಇದೆಯಲ್ಲ!"

ಮರುದಿನ ಮಾವ ಕಟ್ಟೆಯಿಂದ ಮಹಾರಾಜರಂತೆ ಸವಾರಿ ಹೊರಟರು. ನಾನು ಲೇಡೀಸ್ ಸೈಕಲ್ ಹಿಡಿದು ಹರಿಹರದ ರೋಡಿಗೆ ಬಂದೆ. ಎದುರಿಗೆ ಮರವಿಲ್ಲ, ಸಿಸ್ಟರ್ ಇಲ್ಲ, ನೆಟ್ಟಗೆ ದಾರಿ! ಸೆರಗು ಹಾರುತ್ತಿತ್ತು, ನಾನೂ ಇಂಗ್ಲಿಷಿನಲ್ಲಿ ಏನೋ ಹಾಡುತ್ತಿದ್ದೆ. ಅರ್ಧ ದಾರಿ ಸಾಗಿರಬೇಕು, ಮುಂದೆ ಒಂದು ಮೈಲಿಗಲ್ಲಿನ ಮೇಲೆ ಒಂದು ಕಾಲು ಊರಿ, ಸೈಕಲ್ ಮೇಲೆಯೇ ಕೂತ ದೊಡ್ಡ ಆಕೃತಿ ಕಂಡಿತು. ಬಸಪ್ಪ ಮಾವ!

"ಮಂಡಿ ಕಟ್ಟೆಗೆ ಹತ್ತಿ ಗಾಡಿ ಅಡ್ಡ ನಿಂತಿತ್ತವ್ವಾ. ಮುಂದೆ ಎಲ್ಲಾರ ಕಟ್ಟೆ ಸಿಕ್ಕೀತು ಅಂತ ಬಂದೆ, ಬಂದೆ... ಊರೇ ಮುಗೀತು!"

ಸೈಕಲ್ ಗಟ್ಟಿಯಾಗಿ ಹಿಡಿದು ಅವರನ್ನು ಇಳಿಸಿದೆ. ಮುಖ ಕೆಂಪೇರಿತ್ತು, ಅಂಗಿ ಮೈಗೆ ಅಂಟಿತ್ತು. "ನಿನ್ನ ಆಸೆ ನಂಗೊತ್ತಿಲ್ವಾ? ಹೊಳಿ ನೋಡ್ಕೊಂಡು ಬಾ ಹೋಗು. ನಾ ಇಲ್ಲೇ ಕುಂತಿರ್ತೀನಿ," ಎಂದರು. ಸುತ್ತ ಒಂದು ಗಿಡದ ನೆರಳೂ ಇರಲಿಲ್ಲ. ನಾನು ಹರಿಹರದ ಕಡೆ ಒಮ್ಮೆ ನೋಡಿದೆ, ಮಾವನ ಕಡೆ ಒಮ್ಮೆ ನೋಡಿದೆ. ಆಮೇಲೆ ಲೇಡೀಸ್ ಸೈಕಲ್ ಅವರಿಗೆ ಕೊಟ್ಟು, ದೊಡ್ಡದನ್ನು ತಳ್ಳಿಕೊಂಡು ದಾವಣಗೆರೆಗೆ ತಿರುಗಿದೆ. ದಾರಿಯುದ್ದಕ್ಕೂ ಮಾವ ನಿಧಾನವಾಗಿ ತುಳಿಯುತ್ತಾ, ನನಗೆ ಬೇಜಾರಾಗದಿರಲೆಂದು, ಹತ್ತಿಯ ಧಾರಣೆ ಹೇಳಿದರು.

ಆ ರಜೆ ಹಾಗೇ ಮುಗಿದು ಮದುವೆಯಾಯಿತು. ಆಮೇಲೆ ರೈಲಿನಲ್ಲಿ, ಬಸ್ಸಿನಲ್ಲಿ, ಕಾರಿನಲ್ಲಿ ಆ ಹೊಳೆ ಎಷ್ಟೋ ಸಲ ದಾಟಿದ್ದೇನೆ. ಕಣ್ತುಂಬ ನೋಡುವಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ಮೊನ್ನೆ ಸೊಸೆಯ ಎತ್ತರದ ಹೊಸ ಕಾರಿನಲ್ಲಿ ಸೇತುವೆಗೆ ಬಂದಾಗ ಅವಳೇ, "ಅತ್ತೆ, ಇಳಿದು ನೋಡ್ತೀರಾ?" ಎಂದು ಕಾರು ನಿಲ್ಲಿಸಿದಳು. ಬಾಗಿಲು ತೆಗೆದು ಕೆಳಗೆ ನೋಡಿದೆ. ಮೊಣಕಾಲು ನೆಲವನ್ನು ನೋಡಿ, ನೋ ಎಂದಿತು.

"ಎಲ್ಲಾದರೂ ಒಂದು ಕಲ್ಲು ಕಂಡರೆ ನಿಲ್ಲಿಸಮ್ಮಾ," ಎಂದೆ.

ಸೇತುವೆ ಮುಗಿಯುವವರೆಗೂ ಇಬ್ಬರೂ ಹುಡುಕಿದೆವು.